ಪೆಟ್ಟಿಗೆಗೊಂದು ಮುಖ

ಸೀರೆ ಮಾರುವವನ ಕೆಲಸ ಸುಲಭ. ಜರಿಯಂಚನ್ನು ನಾಲ್ಕು ಬೆರಳಗಲ ಬಿಡಿಸಿ ತೋರಿಸಿದರೆ ಸಾಕು. ಮಿಕ್ಕುದನ್ನು ಕೊಳ್ಳುವವರ ಕಣ್ಣೇ ಪೂರೈಸಿಕೊಳ್ಳುತ್ತದೆ. ಕಾಫಿಯ ಜಾಹೀರಾತಿನಲ್ಲಿ ಲೋಟದ ಮೇಲೊಂದು ಎಳೆ ಹಬೆ ಬರೆದರೆ ಮೂಗಿಗೆ ಪರಿಮಳ ಬಂದಂತೆಯೇ. ಆದರೆ ಗಣಕಯಂತ್ರವನ್ನು ಕಾಗದದ ಮೇಲೆ ಮಾರಬೇಕಾದ ಕಲಾನಿರ್ದೇಶಕನ ಕಷ್ಟ ಬೇರೆ ಬಗೆಯದು. ಅವನ ಮುಂದಿರುವುದು ಒಂದು ಪೆಟ್ಟಿಗೆ. ಅದಕ್ಕೆ ರುಚಿಯಿಲ್ಲ, ಕಂಪಿಲ್ಲ. ಲಕ್ಷ ಲೆಕ್ಕಗಳನ್ನು ಮಾಡುತ್ತಿರುವಾಗಲೂ ಸುಮ್ಮನೆ ಕುಳಿತಿರುವಾಗಲೂ ಅದರ ಹೊರನೋಟ ಒಂದೇ. ಮುಖವಿಲ್ಲದ ಈ ವಸ್ತುವಿಗೆ ಮುಖವನ್ನು ಎಲ್ಲಿಂದ ತರಬೇಕು?

ಪರದೆಯ ಮೇಲೆ ಮೂಡುವ ಚಿತ್ರವನ್ನಾದರೂ ತೋರಿಸೋಣವೆಂದರೆ ಅದೂ ಸಲೀಸಲ್ಲ. ಹಿಂದಿನ ಗಾಜಿನ ಕೊಳವೆಯ ಪರದೆಗಳಲ್ಲಿ ಎಲೆಕ್ಟ್ರಾನ್ ಕಿರಣವು ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಚಿತ್ರವನ್ನು ಬರೆಯುತ್ತಿತ್ತು; ಸೆಕೆಂಡಿಗೆ ಹತ್ತಾರು ಸಲ ಬರೆಯುತ್ತಿತ್ತು. ಮನುಷ್ಯನ ಕಣ್ಣು ಈ ಮೋಸವನ್ನು ಒಪ್ಪಿಕೊಂಡು ಇಡೀ ಚಿತ್ರವನ್ನು ಕಾಣುತ್ತದೆ; ಕ್ಯಾಮರಾ ಒಪ್ಪುವುದಿಲ್ಲ. ಬೇಗ ಕಣ್ಮುಚ್ಚಿದರೆ ಅರ್ಧ ಪರದೆಗೆ ಕಪ್ಪು ಪಟ್ಟಿ ಬೀಳುತ್ತದೆ. ನಿಧಾನಿಸಿದರೆ ದೀಪಗಳ ಬೆಳಕು ಗಾಜಿನಲ್ಲಿ ಪ್ರತಿಫಲಿಸಿ ಅಕ್ಷರಗಳನ್ನು ನುಂಗುತ್ತದೆ. ಆದುದರಿಂದ ಒಂದೇ ಫಿಲ್ಮಿನ ಮೇಲೆ ಎರಡು ಸಲ ಚಿತ್ರ ತೆಗೆಯುವ ಉಪಾಯವೊಂದಿತ್ತು: ಮೊದಲು ದೀಪಗಳನ್ನು ಉರಿಸಿ, ಪರದೆಯನ್ನು ಆರಿಸಿ, ಆಮೇಲೆ ದೀಪಗಳನ್ನು ಆರಿಸಿ, ಪರದೆಯನ್ನು ಬೆಳಗಿಸಿ. ಈ ನಡುವೆ ಕ್ಯಾಮರಾ ಕೂದಲೆಳೆಯಷ್ಟೂ ಅಲುಗಬಾರದು. ಎಷ್ಟೋ ವೇಳೆ ಪರದೆಯ ಚಿತ್ರವನ್ನು ಬೇರೆಯಾಗಿಯೇ ಸಿದ್ಧಪಡಿಸಿ ಅಂಟಿಸುತ್ತಿದ್ದುದೂ ಉಂಟು. ಇಷ್ಟೆಲ್ಲ ಪಟ್ಟ ಪಾಡಿನ ಗುರುತು ಪುಟದಲ್ಲಿ ಕಾಣದಿದ್ದರೆ ಅದೇ ಯಶಸ್ಸು.

ಪೆಟ್ಟಿಗೆಯನ್ನು ತೋರಿಸುವ ಗೋಜಿಗೇ ಹೋಗದವರೂ ಇದ್ದರು. ಇಟಲಿಯ ಒಲಿವೆಟ್ಟಿ ಸಂಸ್ಥೆಯನ್ನು 1936ರಲ್ಲಿ ಸೇರಿದ ಜೊವಾನ್ನಿ ಪಿಂತೋರಿ ಅಂಥವರಲ್ಲೊಬ್ಬರು. ಲೆಕ್ಕ ಮಾಡುವ ಯಂತ್ರಗಳಿಗೆ ಹೆಸರಾಗಿದ್ದ ಆ ಸಂಸ್ಥೆಗಾಗಿ ಅವರು 1949ರಲ್ಲಿ ರಚಿಸಿದ ಭಿತ್ತಿಚಿತ್ರವೊಂದರಲ್ಲಿ ಯಂತ್ರವೇ ಇಲ್ಲ. ಪುಟದ ತುಂಬ ಬಣ್ಣಬಣ್ಣದ ಅಂಕಿಗಳು, ಶಾಲೆ ಬಿಟ್ಟೊಡನೆ ಹೊರಬಿದ್ದ ಮಕ್ಕಳಂತೆ ಒಂದರ ಮೇಲೊಂದು ನುಗ್ಗಿವೆ. ನಡುವೆ ಸಂಸ್ಥೆಯ ಹೆಸರು. ಲೆಕ್ಕವೆಂದರೆ ತಲೆನೋವೆಂದು ಬಲ್ಲವರಿಗೂ ಅದನ್ನು ನೋಡಿದರೆ ಮನಸ್ಸು ಹಗುರವಾಗುತ್ತದೆ.

ಅಂಕಿಗಳ ಆಟ ಕಚೇರಿಗೆ ಸರಿ. ಯಂತ್ರ ಮನೆಯೊಳಕ್ಕೆ ಬರಬೇಕಾದಾಗ ಮನುಷ್ಯರ ಮುಖವೇ ಬೇಕಾಯಿತು. 1977ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಬಂದ ಆಪಲ್ 2ರ ಜಾಹೀರಾತು ಅಡುಗೆಮನೆಯ ಚಿತ್ರ. ಮೇಜಿನ ಮೇಲೆ ಗಣಕಯಂತ್ರ, ಅದರ ಮುಂದೆ ಗಂಡ. ಹಿಂದೆ ಅಡುಗೆಯ ಕಟ್ಟೆಯ ಬಳಿ ಕೆಲಸದಲ್ಲಿರುವ ಹೆಂಡತಿ ತಿರುಗಿ ನೋಡಿ ನಗುತ್ತಿದ್ದಾಳೆ. ಹೊಸ ಯಂತ್ರ ಅವಳ ಕೋಣೆಗೇ ಬಂದಿದೆ. ಆದರೆ ಅವಳ ಕೈಗೆ ಬಂದಿಲ್ಲ. ಕಲಾನಿರ್ದೇಶಕನು ಹೇಳಬೇಕೆಂದಿದ್ದುದು ಇದನ್ನಲ್ಲದಿರಬಹುದು. ಆದರೆ ಚಿತ್ರಕ್ಕೆ ಬಾಯಿ ದೊಡ್ಡದು; ಬರೆಸಿದವನು ಹೇಳದುದನ್ನೂ ಅದು ಹೇಳಿಬಿಡುತ್ತದೆ.

ಎಲ್ಲಕ್ಕಿಂತ ವಿಚಿತ್ರವಾದುದು ಐ.ಬಿ.ಎಂ. ಸಂಸ್ಥೆಯ ಕಥೆ. ಕೋಣೆ ತುಂಬುವ ಯಂತ್ರಗಳಿಗೂ ಗಂಭೀರ ಮುಖದ ಅಧಿಕಾರಿಗಳಿಗೂ ಹೆಸರಾಗಿದ್ದ ಆ ಸಂಸ್ಥೆ 1981ರ ಆಗಸ್ಟ್ 12ರಂದು ಮೇಜಿನ ಮೇಲಿಡುವ ಪುಟ್ಟ ಗಣಕಯಂತ್ರವನ್ನು ಹೊರತಂದಿತು. ಬೆಲೆ 1565 ಡಾಲರುಗಳಿಂದ ಆರಂಭ. ಹಣಕ್ಕಿಂತ ಹೆಚ್ಚಾಗಿ ಜನರನ್ನು ತಡೆದದ್ದು ಅಂಜಿಕೆ. ನ್ಯೂಯಾರ್ಕಿನ ಲಾರ್ಡ್, ಗೆಲ್ಲರ್, ಫೆಡರಿಕೊ, ಐನ್‌ಸ್ಟೈನ್ ಎಂಬ ಜಾಹೀರಾತು ಸಂಸ್ಥೆ ಇದಕ್ಕೆ ಹುಡುಕಿದ ಮದ್ದೆಂದರೆ ಚಾರ್ಲಿ ಚಾಪ್ಲಿನ್ನನ ಅಲೆಮಾರಿ! ಅದೇ ದುಂಡು ಟೋಪಿ, ಅದೇ ಬೆತ್ತ, ಅದೇ ದೊಗಲೆ ಷರಾಯಿ, ಜೊತೆಗೊಂದು ಕೆಂಪು ಗುಲಾಬಿ. ಚಾಪ್ಲಿನ್ ತೀರಿಕೊಂಡದ್ದು 1977ರಲ್ಲಿ; ವಾರಸುದಾರರಿಂದ ಅನುಮತಿ ಪಡೆದು ವೇಷವನ್ನು ಬೇರೊಬ್ಬ ನಟನಿಗೆ ಹಾಕಿಸಿದರು.

1936ರ ‘ಮಾಡರ್ನ್ ಟೈಮ್ಸ್’ ಚಿತ್ರವನ್ನು ಕಂಡವರಿಗೆ ಇಲ್ಲಿ ನಗೆಯೊಡನೆ ಒಂದು ನಿಟ್ಟುಸಿರೂ ಬರುತ್ತದೆ. ಅಲ್ಲಿ ಇದೇ ಅಲೆಮಾರಿ ಕಾರ್ಖಾನೆಯಲ್ಲಿ ತಿರುಪು ಬಿಗಿಯುತ್ತ ಬಿಗಿಯುತ್ತ ಬುದ್ಧಿ ಕದಡಿಕೊಂಡು ಯಂತ್ರದ ಹಲ್ಲುಗಾಲಿಗಳ ನಡುವೆ ಹೊರಳಿದವನು. ಯಂತ್ರವು ನುಂಗಿದ ಬಡವನನ್ನೇ ಯಂತ್ರದ ಪಕ್ಕದಲ್ಲಿ ಗುಲಾಬಿ ಹಿಡಿಸಿ ನಿಲ್ಲಿಸಿದ್ದು ನ್ಯಾಯವೆ? ಅನ್ಯಾಯವೆನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಅದರಲ್ಲೊಂದು ಪ್ರಾಮಾಣಿಕತೆಯೂ ಇತ್ತೆನ್ನಬೇಕು. ಯಂತ್ರದ ಮುಂದೆ ಕಕ್ಕಾಬಿಕ್ಕಿಯಾಗುವವನು ಮೂರ್ಖನಲ್ಲ, ಅವನೂ ನೆಂಟನೇ, ಅವನಿಗೂ ಇಲ್ಲಿ ಸ್ಥಳವಿದೆ ಎಂದು ಆ ಪುಟ ಒಪ್ಪಿಕೊಂಡಿತು. ಓದುಗನ ಭಯವನ್ನು ಮರೆಮಾಚಲಿಲ್ಲ. ಅದಕ್ಕೇ ಒಂದು ಟೋಪಿ ತೊಡಿಸಿ ಎದುರಿಗೆ ನಿಲ್ಲಿಸಿತು.

ಇಂದು ಗಣಕಯಂತ್ರ ಕಿಸೆಯಲ್ಲಿದೆ. ಅದರ ಜಾಹೀರಾತಿನಲ್ಲಿ ಹೊಳೆಯುವ ಗಾಜು ಮಾತ್ರವಿದ್ದು ಮನುಷ್ಯನೇ ಇಲ್ಲದಿರುವುದು ಅಪರೂಪವಲ್ಲ. ಭಯವಿಲ್ಲದ ಕಡೆ ಅಲೆಮಾರಿಗೇನು ಕೆಲಸ? ಆದರೂ ಅಂಥ ನುಣುಪಾದ ಪುಟವನ್ನು ಮುಂದೆ ಕಂಡಾಗ ಒಂದು ಗಳಿಗೆ ನಿಂತು, ಈ ಚಿತ್ರದಿಂದ ಯಾರನ್ನು ಹೊರಗಿಟ್ಟಿದ್ದಾರೆ ಎಂದು ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ. ಕೊಳ್ಳುವ ಮುನ್ನ ಬೆಲೆಯನ್ನು ಕೇಳುವುದುಂಟಷ್ಟೆ, ಇದನ್ನೂ ಕೇಳಬಹುದು.