ಎಂಟು ಸಾವಿರ ಡಾಲರಿನ ಯಂತ್ರ

ಆಮದು ಸುಂಕ ಅಂದರೆ ಶಿವಮೊಗ್ಗದಲ್ಲಿ ಅಡಿಕೆಯ ಮಾತು. 2023ರ ಫೆಬ್ರುವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆ ಕಿಲೋಗೆ 251ರಿಂದ 351 ರೂಪಾಯಿಗೆ ಏರಿದಾಗ ಮಂಡಿಯಲ್ಲೂ ಹೋಟೆಲಿನಲ್ಲೂ ಅದೇ ಸುದ್ದಿ. ನೂರಕ್ಕೆ ನೂರು ಸುಂಕವಿದ್ದರೂ ಸಾಲದು ಅನ್ನುವವರೇ ನಮ್ಮಲ್ಲಿ ಹೆಚ್ಚು. ಚೂರು ತೋಟ ಇಟ್ಟುಕೊಂಡ ನಾನೂ ಹಾಗೇ ಅನ್ನುತ್ತಿದ್ದೆ. ಮರುವರ್ಷ ಸುಂಕ ಕಟ್ಟುವವನು ನಾನೇ ಆದೆ.

ಸವಳಂಗ ರಸ್ತೆಯಲ್ಲಿ ಎಂಜಿನಿಯರಿಂಗ್ ಕಾಲೇಜು ದಾಟಿ, ಒಂದು ಅಡ್ಡರಸ್ತೆಯ ಒಳಗೆ ನಮ್ಮ ಸಾಂಬಾರ್ ಪುಡಿ, ರಸಂ ಪುಡಿಯ ಘಟಕ. ಪೊಟ್ಟಣ ತುಂಬಿ ಸೀಲ್ ಮಾಡುವ ಯಂತ್ರವೊಂದನ್ನು ಚೀನಾದ ಫೋಶಾನ್‌ನಿಂದ ತರಿಸಲು ನಿಶ್ಚಯಿಸಿದೆ. ಹಡಗಿಗೆ ಹತ್ತಿಸುವವರೆಗಿನ ಬೆಲೆ 8,000 ಡಾಲರ್. ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನಮ್ಮ ಮಾವನವರಿಗೆ ಇದು ಹಿಡಿಸಲಿಲ್ಲ. "ಅಳಿಯಂದ್ರೇ, ಕಬ್ಬಿಣದ ಊರು ಪಕ್ಕದಲ್ಲಿಟ್ಕೊಂಡು ಚೀನಾದವರ ಹತ್ರ ಹೋಗ್ತೀರಲ್ಲ" ಅಂದರು. ಇಲ್ಲಿ ಮಾಡಿಕೊಡುವವರು ಹೇಳಿದ ರೇಟು ತೋರಿಸಿದ ಮೇಲೆ ಸುಮ್ಮನಾದರು.

ಐನೂರು ರೂಪಾಯಿ ಕಟ್ಟಿ ಆಮದು-ರಫ್ತು ಕೋಡ್ ಮಾಡಿಸಿದ್ದಾಯಿತು. ಬೆಂಗಳೂರಿನ ಕಸ್ಟಮ್ಸ್ ಬ್ರೋಕರ್ ಒಬ್ಬರು ಸಿಕ್ಕರು. ಲೆಕ್ಕವನ್ನು ಅವರ ಎದುರೇ ಕೂತು ಮಾಡಿದೆ. ಡಾಲರಿಗೆ ಬ್ಯಾಂಕಿನ ದರ ನಡೆಯುವುದಿಲ್ಲ, ಕಸ್ಟಮ್ಸ್ ಪ್ರಕಟಿಸುವ ದರವೇ ಆಗಬೇಕು. 84 ರೂಪಾಯಿ ಹಿಡಿದರೆ ಯಂತ್ರಕ್ಕೆ 6,72,000. ಅದಕ್ಕೆ ಹಡಗಿನ ಬಾಡಿಗೆ 600 ಡಾಲರ್, ಅಂದರೆ 50,400. ವಿಮೆ ಮಾಡಿಸಿರಲಿ ಬಿಡಲಿ, ರಸೀದಿ ಇಲ್ಲದಿದ್ದರೆ ಯಂತ್ರದ ಬೆಲೆಯ ಶೇ. 1.125 ಸೇರಿಸಬೇಕು: 7,560. ಒಟ್ಟು 7,29,960. ಇದರ ಮೇಲೆ ಮೂಲ ಸುಂಕ ಶೇ. 7.5. ಆ ಸುಂಕದ ಮೇಲೆ ಶೇ. 10 ಸಮಾಜ ಕಲ್ಯಾಣ ಸರ್ಚಾರ್ಜ್. ಬೆಲೆ, ಸುಂಕ, ಸರ್ಚಾರ್ಜ್ ಮೂರನ್ನೂ ಕೂಡಿಸಿ ಅದರ ಮೇಲೆ ಶೇ. 18 ಐಜಿಎಸ್‌ಟಿ. ತೆರಿಗೆಯ ಮೇಲೆ ತೆರಿಗೆ ಅಂತ ಬೈಯಬಹುದು, ಆದರೆ ಲೆಕ್ಕದಲ್ಲಿ ಗೊಂದಲವಿಲ್ಲ. ಎಲ್ಲ ಸೇರಿ 2,02,455 ರೂಪಾಯಿ. ಇದರಲ್ಲಿ ಐಜಿಎಸ್‌ಟಿಯ 1,42,233 ಮುಂದೆ ನಮ್ಮ ಜಿಎಸ್‌ಟಿಯಲ್ಲಿ ಮುರಿದುಕೊಳ್ಳಬಹುದು. ಕೈಬಿಟ್ಟು ಹೋಗುವುದು ಅರವತ್ತು ಸಾವಿರ ಚಿಲ್ಲರೆ.

ಮೊದಲ ತೊಡಕು ಹಡಗಿನ ಬಾಡಿಗೆಯದು. ಬೇರೆಯವರ ಸರಕಿನ ಜೊತೆ ಒಂದೇ ಕಂಟೇನರಿನಲ್ಲಿ ಬರುತ್ತಿದ್ದ ನಮ್ಮ ಪೆಟ್ಟಿಗೆಯ ಬಾಡಿಗೆ ರಸೀದಿಯನ್ನು ಏಜೆಂಟು ಕಳಿಸಲೇ ಇಲ್ಲ. ಬಾಡಿಗೆ ಎಷ್ಟೆಂದು ತಿಳಿಯದಿದ್ದರೆ ಯಂತ್ರದ ಬೆಲೆಯ ಶೇ. 20 ಅಂತ ಹಿಡಿಯಬೇಕು, ಅದು ನಿಯಮ. 50,400 ಇದ್ದದ್ದು 1,34,400 ಆಗುತ್ತದೆ, ಸುಂಕ ಮತ್ತೆ ಇಪ್ಪತ್ತಮೂರು ಸಾವಿರ ಮೇಲೇರುತ್ತದೆ. ಕಾಯೋಣವೆಂದರೆ ಸರಕು ತಲುಪುವ ಹಿಂದಿನ ದಿನದೊಳಗೆ ಬಿಲ್ ಆಫ್ ಎಂಟ್ರಿ ಎಂಬ ಆಮದು ಘೋಷಣೆ ಸಲ್ಲಿಸಬೇಕು. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000. ರಸೀದಿ ಕಡೇ ಗಳಿಗೆಯಲ್ಲಿ, ರಾತ್ರಿ ಊಟಕ್ಕೆ ಕೂತಾಗ ವಾಟ್ಸಾಪಿಗೆ ಬಂತು.

ಸಲ್ಲಿಸಿದ ಮೇಲೆ ಬ್ರೋಕರ್ ಫೋನ್ ಮಾಡಿದರು. "ಸರ್, ಕ್ವೆರಿ ಬಿದ್ದಿದೆ. ವ್ಯಾಲ್ಯೂ ಲೋಡ್ ಮಾಡ್ತಾರೆ ಅನ್ಸುತ್ತೆ."

ಇಂಥದೇ ಯಂತ್ರವನ್ನು ಬೇರೊಬ್ಬರು 10,500 ಡಾಲರಿಗೆ ತಂದಿದ್ದಾರೆ, ನಿಮ್ಮದು ಹೇಗೆ 8,000 ಎಂಬುದು ಪ್ರಶ್ನೆ. ಹೋಗಿ ಎದುರು ಕೂತು ಹೇಳೋಣವೆಂದರೆ ಅಧಿಕಾರಿ ಯಾವ ಊರಿನಲ್ಲಿದ್ದಾರೋ ತಿಳಿಯುವುದಿಲ್ಲ. 2020ರ ಜೂನ್ 8ರಂದು ಬೆಂಗಳೂರು, ಚೆನ್ನೈಗಳಲ್ಲಿ, ಅದರಲ್ಲೂ ಸುಂಕಪಟ್ಟಿಯಲ್ಲಿ ಯಂತ್ರಗಳ ಅಧ್ಯಾಯಗಳಾದ 84 ಮತ್ತು 85ರಿಂದಲೇ ಶುರುವಾದ ಫೇಸ್‌ಲೆಸ್ ವ್ಯವಸ್ಥೆ ಇದು. ಲಂಚಕ್ಕೆ ದಾರಿ ಕಡಿಮೆ, ಅದು ಒಳ್ಳೆಯದೇ. ಆದರೆ ನಮ್ಮ ಯಂತ್ರಕ್ಕೆ ತೂಕ ಮಾಡುವ ತಲೆಗಳಿಲ್ಲ, ತಾರೀಖು ಒತ್ತುವ ಭಾಗವಿಲ್ಲ, ಅದಕ್ಕೇ ಅಗ್ಗ ಅನ್ನುವುದನ್ನು ಒಂದು ಮುಖ ನೋಡಿ ಹೇಳಿದ್ದರೆ ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತಿತ್ತು.

"ಸೈನ್ ಮಾಡಿ ಬಿಡಿ ಸರ್, ಎಲ್ಲರೂ ಅದನ್ನೇ ಮಾಡೋದು" ಅಂದರು ಬ್ರೋಕರ್. ಹೆಚ್ಚಿಸಿದ ಬೆಲೆಗೆ ಒಪ್ಪಿಗೆ ಅಂತ ಬರೆದುಕೊಟ್ಟರೆ ಅಲ್ಲಿಗೆ ಮುಗಿಯಿತು. ಒಪ್ಪದಿದ್ದರೆ ಮರುನಿರ್ಧಾರಣೆಯಾದ 15 ದಿನದೊಳಗೆ ಅಧಿಕಾರಿ ಕಾರಣ ಕೊಟ್ಟು ಆದೇಶ ಬರೆಯಬೇಕು. ಅಲ್ಲಿಯವರೆಗೆ ಪೆಟ್ಟಿಗೆ ಗೋದಾಮಿನಲ್ಲಿ, ಬಾಡಿಗೆ ನಮ್ಮ ತಲೆಯ ಮೇಲೆ. ಬಾಂಡ್ ಕೊಟ್ಟು ತಾತ್ಕಾಲಿಕವಾಗಿ ಬಿಡಿಸಿಕೊಳ್ಳುವ ದಾರಿ ಇತ್ತು, ಅದಕ್ಕೆ ಕೇಳುವ ಬ್ಯಾಂಕ್ ಗ್ಯಾರಂಟಿ ನನ್ನಂಥವನ ಕೈಗೆಟುಕುವುದಲ್ಲ. ಕಸ್ಟಮ್ಸ್ ತಡೆಹಿಡಿದ ಸರಕಿಗೆ ಬಾಡಿಗೆ ಹಾಕಬಾರದೆಂದು 2009ರ ನಿಯಮಾವಳಿ ಹೇಳುತ್ತದಂತೆ. ನಮ್ಮದನ್ನು ತಡೆಹಿಡಿದಿರಲಿಲ್ಲವಲ್ಲ, ಬರೀ ಪ್ರಶ್ನೆ ಕೇಳಿದ್ದರು!

ಒಪ್ಪಿದರೆ ಎಷ್ಟು ಹೋಗುತ್ತದೆಂದು ರಾತ್ರಿ ಮತ್ತೆ ಬರೆದು ನೋಡಿದೆ. ಹೆಚ್ಚುವರಿ ಸುಮಾರು 59,000. ಅದರಲ್ಲಿ ಐಜಿಎಸ್‌ಟಿಯ ಭಾಗ ವಾಪಸ್ ಬರುವಂಥದ್ದು. ನಿಜವಾದ ನಷ್ಟ ಹದಿನೇಳೂವರೆ ಸಾವಿರ ಮಾತ್ರ. ಎಲ್ಲರೂ ಯಾಕೆ ಸೈನ್ ಮಾಡುತ್ತಾರೆಂದು ಆಗ ತಿಳಿಯಿತು. ವ್ಯಾಪಾರದ ಬುದ್ಧಿ ಅದನ್ನೇ ಹೇಳುತ್ತದೆ. ಆದರೆ ನಾನು ಕೊಟ್ಟ ಬೆಲೆ ನಾನು ಕೊಟ್ಟದ್ದಲ್ಲ ಅಂತ ನನ್ನ ಕೈಯಲ್ಲೇ ಬರೆದುಕೊಡುವುದು ಗಂಟಲಲ್ಲಿ ಇಳಿಯಲಿಲ್ಲ. ಹೆಂಡತಿ "ಹಟ ಯಾಕೆ" ಅಂದಳು. ಬುಕ್ ಆಗಿದ್ದ ಆರ್ಡರುಗಳಿಗೆ ಕೈಯಲ್ಲೇ ಪೊಟ್ಟಣ ಕಟ್ಟುತ್ತ ಕೂತವಳು ಅವಳು, ಅವಳ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಮುಂಗಡ, ಬಾಕಿ ಎರಡೂ ಕಂತಿನ ಹಣ ಹೋದದ್ದಕ್ಕೆ ಬ್ಯಾಂಕಿನ ಸ್ವಿಫ್ಟ್ ಪ್ರತಿ, ಚೌಕಾಸಿ ಮಾಡಿದ ಮೇಲ್‌ಗಳು, ಮಾಡೆಲ್ ನಂಬರ್ ಇರುವ ಕ್ಯಾಟಲಾಗು ಕಳಿಸಿದೆ. ಸಾಲದು ಅಂದರು. ಫೋಶಾನ್‌ನವನಿಂದ ಅಲ್ಲಿನ ರಫ್ತು ಘೋಷಣೆ ತರಿಸಿದೆ, ಅದು ಪೂರಾ ಚೀನೀ ಅಕ್ಷರ, ಅನುವಾದ ಮಾಡಿಸಬೇಕಾಯಿತು. ಆ ದಿನಗಳಲ್ಲಿ ಬೆಳಿಗ್ಗೆ ಎದ್ದರೆ ಮೊದಲು ಪೋರ್ಟಲ್ ನೋಡುವುದು, ರಾತ್ರಿ ಮಲಗುವಾಗ ಆ ದಿನದ ಬಾಡಿಗೆ ಕೂಡಿಸುವುದು. ಬಿಪಿ ಮಾತ್ರೆ ಶುರುವಾದದ್ದೂ ಆಗಲೇ.

ಕೊನೆಗೆ 8,000 ಡಾಲರನ್ನೇ ಒಪ್ಪಿದರು. ಸುಂಕ ಬಂದದ್ದು ಮೊದಲು ಬರೆದಿಟ್ಟ 2,02,455ಕ್ಕೇ. ಗೋದಾಮಿನ ಬಾಡಿಗೆ, ಡೆಲಿವರಿ ಆರ್ಡರು, ಏಜೆಂಟಿನ ಚಾರ್ಜು ಬೇರೆ. ಬಾಡಿಗೆಯೊಂದೇ ಇಪ್ಪತ್ತೆಂಟು ಸಾವಿರ ದಾಟಿತ್ತು.

ಲಾರಿ ಅಡ್ಡರಸ್ತೆಗೆ ತಿರುಗಲಿಲ್ಲ, ಮುಖ್ಯರಸ್ತೆಯಲ್ಲೇ ನಿಲ್ಲಿಸಿ ಜೆಸಿಬಿಯಲ್ಲಿ ಪೆಟ್ಟಿಗೆ ಒಳಗೆ ತಂದೆವು. ಯಂತ್ರ ಚೆನ್ನಾಗಿ ನಡೆಯುತ್ತಿದೆ. ಮುರಿದುಕೊಳ್ಳಬಹುದಾದ 1,42,233 ರೂಪಾಯಿ ಜಿಎಸ್‌ಟಿ ಖಾತೆಗೆ ಬಂದು ಕೂತಿತು. ಆದರೆ ಮಸಾಲೆ ಪುಡಿ ಮಾರಾಟಕ್ಕೆ ತೆರಿಗೆ ಶೇ. 5 ಮಾತ್ರ, ಕೊಳ್ಳುವ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಪ್ಯಾಕಿಂಗ್ ಕವರುಗಳ ಮೇಲೆ ಕಟ್ಟಿದ್ದೂ ಅದರಲ್ಲೇ ಕಳೆಯಬೇಕು. ಯಂತ್ರದ ಐಜಿಎಸ್‌ಟಿಯನ್ನು ನಗದಾಗಿ ವಾಪಸ್ ಕೇಳಲು ಬರುವುದಿಲ್ಲ. ತಿಂಗಳಿಗಿಷ್ಟು ಅಂತ ಕರಗುತ್ತಿದೆ, ಇನ್ನೂ ಮುಗಿದಿಲ್ಲ.