ಕೋಲಾಟದ ಮಾಸ್ತರರು

ಮುಂದೆ ನಿಂತು ನಡೆಸುವುದು ಹಿರಿಮೆ, ಹಿಂದೆ ನಿಂತು ನಡೆಯುವುದು ಕಿರಿಮೆ ಎಂದು ನಾವು ಭಾವಿಸುತ್ತೇವೆ. ಈ ಭಾವನೆ ಸರಿಯಲ್ಲವೆಂದು ನನಗೆ ಮನಗಾಣಿಸಿದವರು ಕುಕನೂರಿನ ಒಬ್ಬ ಕೋಲಾಟದ ಮಾಸ್ತರರು.

ಕುಕನೂರು ನವಲಿಂಗ ದೇವಾಲಯದಿಂದಲೂ ಮಹಾಮಾಯೆಯ ಗುಡಿಯಿಂದಲೂ ಹೆಸರಾದ ಊರು. ಅಲ್ಲಿಯ ನಮ್ಮ ಓಣಿಯಲ್ಲಿ ಬೆಳದಿಂಗಳ ರಾತ್ರಿ ಕೋಲಾಟದ ಕಲಿಕೆ ನಡೆಯುತ್ತಿತ್ತು. ಕೋಲಾಟಕ್ಕೆ ಜೋಡಿಗಳು ಬೇಕು. ಒಬ್ಬರು ಹಾಡನ್ನು ಎತ್ತಿಕೊಡುತ್ತಾರೆ. ಉಳಿದವರು ಅದನ್ನೇ ಮರಳಿ ಹಾಡುತ್ತ, ತಾಳಕ್ಕೆ ಸರಿಯಾಗಿ ಎದುರಿನವರ ಕೋಲಿಗೆ ಕೋಲು ತಾಗಿಸಿ ಮುಂದಿನ ಜೋಡಿಗೆ ಸಾಗುತ್ತಾರೆ. ಹಾಡುವವರು ಅವಸರಪಟ್ಟರೆ ಪೆಟ್ಟು ಬೀಳುವುದು ಕೋಲಿಗಲ್ಲ, ಹೊಸಬರ ಬೆರಳಿಗೆ.

ನಮ್ಮಲ್ಲಿ ಒಬ್ಬ ಹುಡುಗನ ಕಂಠ ಬಲು ಗಟ್ಟಿ. ಹಾಡು ಎತ್ತಿಕೊಡುವ ಹಕ್ಕು ತನ್ನದೇ ಎಂದು ಆತ ತಿಳಿದಿದ್ದ. ಒಂದು ರಾತ್ರಿ ಮಾಸ್ತರರು, “ತಮ್ಮಾ, ಇವತ್ತ ನೀ ಹಾಡಬ್ಯಾಡ. ಎದುರಿನವ್ರ ಕೋಲು ನೋಡ್ಕೋತ ಆಡು” ಎಂದು ಅವನನ್ನು ಕೊನೆಯ ಜೋಡಿಯಲ್ಲಿ ನಿಲ್ಲಿಸಿದರು. ಎಂದೂ ದನಿಯೆತ್ತದ ಒಬ್ಬ ಕೂಲಿಕಾರರ ಮಗಳಿಗೆ, “ಯವ್ವಾ, ನೀ ಎತ್ತಿಕೊಡು” ಎಂದರು. ಆಕೆಯ ದನಿ ಸಣ್ಣದು. ಅದನ್ನು ಕೇಳಲು ಎಲ್ಲರೂ ತಮ್ಮ ಗದ್ದಲವನ್ನು ತಗ್ಗಿಸಬೇಕಾಯಿತು. ಆ ರಾತ್ರಿ ಯಾರ ಬೆರಳಿಗೂ ಪೆಟ್ಟಾಗಲಿಲ್ಲ. ಮಾಸ್ತರರಾದರೂ ದಿನವೂ ಸ್ವಲ್ಪ ಹೊತ್ತು ಹಾಡನ್ನು ಮಕ್ಕಳಿಗೆ ಒಪ್ಪಿಸಿ, ತಾವೇ ಹೊಸಬರಂತೆ ವರ್ತುಲದಲ್ಲಿ ಸೇರಿಕೊಳ್ಳುತ್ತಿದ್ದರು. ಕಲಿಯುವವರ ಕಷ್ಟ ಎಲ್ಲಿದೆಯೆಂಬುದು ಅವರಿಗೆ ಆಗ ತಿಳಿಯುತ್ತಿತ್ತು.

ನಮ್ಮ ಸೀಮೆಯ ದೊಡ್ಡಾಟದಲ್ಲಿಯೂ ಇದೇ ರೀತಿ. ಸ್ತ್ರೀಪಾತ್ರಗಳನ್ನು ಬಹುಕಾಲ ಗಂಡಸರೇ ವಹಿಸುತ್ತಿದ್ದುದರಿಂದ, ಆಟ ಕಲಿಸುವವರು ಭೀಮನ ಆರ್ಭಟದ ಕುಣಿತವನ್ನೂ ದ್ರೌಪದಿಯ ಮೆಲುನಡೆಯನ್ನೂ ಬಲ್ಲವರಾಗಿರಬೇಕಿತ್ತು. ದೂರದ ಅರ್ಜೆಂಟೀನಾ ಮತ್ತು ಉರುಗ್ವೆ ದೇಶಗಳಲ್ಲಿ ಟ್ಯಾಂಗೊ ಎಂಬ ಜೋಡಿ ನೃತ್ಯವಿದೆ. ಯುನೆಸ್ಕೊ 2009ರಲ್ಲಿ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ ಒಬ್ಬರು ನಡೆಸುತ್ತಾರೆ, ಇನ್ನೊಬ್ಬರು ಆ ಸೂಚನೆಯನ್ನರಿತು ನಡೆಯುತ್ತಾರೆ. ಅದನ್ನು ಕಲಿಸುವ ಅನೇಕರು ಎರಡು ಪಾತ್ರಗಳನ್ನೂ ಅಭ್ಯಾಸ ಮಾಡುತ್ತಾರೆ.

ಅನುಸರಿಸುವುದು ಸುಮ್ಮನೆ ಹಿಂದೆ ಹೋಗುವುದಲ್ಲ. ಅದು ಕಿವಿ, ಕಣ್ಣು, ಮನಸ್ಸುಗಳನ್ನು ಎಚ್ಚರವಾಗಿಟ್ಟು ಮಾಡುವ ಕೆಲಸ. ಅದನ್ನು ಅರಿಯದವನು ಇತರರನ್ನು ಎಳೆದೊಯ್ಯಬಲ್ಲನೇ ಹೊರತು ನಡೆಸಲಾರನು. ಅಂದು ಸಣ್ಣ ದನಿಯಲ್ಲಿ ಹಾಡಿದ ಹುಡುಗಿ ಇಂದು ತಾನೇ ಕೋಲಾಟ ಕಲಿಸುತ್ತಾಳೆ. ಆಕೆಯ ಮೇಳದಲ್ಲಿ ಹಾಡು ಎತ್ತಿಕೊಡುವ ಸರದಿ ಪ್ರತಿಯೊಂದು ಮಗುವಿಗೂ ಬರುತ್ತದೆ.