ದೋಣಿಯ ಚಾತುರ್ಮಾಸ್ಯ

ಮೃಗಶಿರಾ ಮಳೆ ಹಿಡಿಯುವುದಕ್ಕೆ ಮುಂಚೆ ನಮ್ಮ ಹಳಿಯಾಳ, ಜೋಯಿಡಾ ಕಡೆಯ ಗೃಹಸ್ಥರಿಗೆ ಕೈತುಂಬ ಕೆಲಸವುಂಟು. ಕಟ್ಟಿಗೆಯನ್ನು ಒಳಗೆ ಸೇರಿಸಬೇಕು, ಹೆಂಚುಗಳನ್ನು ಸರಿಪಡಿಸಬೇಕು, ಹಪ್ಪಳ ಸಂಡಿಗೆಗಳನ್ನು ಡಬ್ಬಿಗೆ ತುಂಬಬೇಕು. ಈ ವರ್ಷ ನನ್ನ ಪಾಲಿಗೆ ಇನ್ನೊಂದು ಕೆಲಸವೂ ಬಂದೊದಗಿತು. ಒಂದು ಯಂತ್ರದೋಣಿಯನ್ನು ಮಳೆಗಾಲಕ್ಕೆ ಮಲಗಿಸುವುದು.

'ನೌಃ ನಾವೌ ನಾವಃ' ಎಂದು ಮೂವತ್ತು ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದರ ಹೊರತು ನನಗೂ ದೋಣಿಗೂ ಬೇರೆ ಸಂಬಂಧವಿರಲಿಲ್ಲ. ದಿವಂಗತಳಾದ ನನ್ನ ತಂಗಿಯ ಮಗ ಗಣೇಶಗುಡಿಯಲ್ಲಿದ್ದಾನೆ. ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಉದ್ಯೋಗ ಅವನದು. ನಾನು ನಿವೃತ್ತನಾದಾಗ ಕೈಗೆ ಬಂದ ಹಣದಲ್ಲಿ 3 ಲಕ್ಷ ರೂಪಾಯಿಗಳನ್ನು ಅವನ ದೋಣಿಗೆಂದು ಕೊಟ್ಟೆನು.

ಮೊದಲನೆಯ ಮಳೆಗಾಲದಲ್ಲಿಯೇ ಅನರ್ಥವಾಯಿತು. ಹುಡುಗನು ದೋಣಿಯನ್ನು ದಡಕ್ಕೆಳೆದು, ಮೇಲೊಂದು ತಾಡಪತ್ರಿಯನ್ನು ಬಿಗಿದು, ಕೆಲಸಕ್ಕೆಂದು ಗೋವೆಗೆ ಹೋದನು. ದಸರೆಯ ಹೊತ್ತಿಗೆ ಬಂದು ಬಿಚ್ಚಿ ನೋಡಿದರೆ ತಾಡಪತ್ರಿ ಜೋಲುಬಿದ್ದು ಹರಿದಿದ್ದಿತು. ದೋಣಿಯ ತುಂಬ ಕೊಳೆತ ನೀರು, ಆ ಭಾರಕ್ಕೆ ತಳದಲ್ಲಿ ಬಿರುಕು. ಎಂಜಿನ್ನಿನ ಕಾರ್ಬ್ಯುರೇಟರಿನಲ್ಲಿ ಹಳೆಯ ಪೆಟ್ರೋಲು ಅಂಟಾಗಿ ಹೋಗಿದ್ದಿತು. ತಂತಿಗಳನ್ನು ಇಲಿಗಳು ಕಡಿದಿದ್ದುವು. ದುರಸ್ತಿಗೆ 60 ಸಾವಿರ ರೂಪಾಯಿ ಬಿದ್ದುದಲ್ಲದೆ, ರಜೆಯ ದಿನಗಳ ಗಳಿಕೆಯೂ ಹೋಯಿತು. "ಪರರ ದುಡ್ಡು, ನಿನಗೇಕೆ ನೋವಾದೀತು?" ಎಂದುಬಿಟ್ಟೆನು. ಅವನು ಉತ್ತರ ಕೊಡಲಿಲ್ಲ. ದೀಪಾವಳಿಗೆ ಬರಲಿಲ್ಲ, ಯುಗಾದಿಗೂ ಬರಲಿಲ್ಲ. ತಂಗಿಯ ಮಗನನ್ನು 'ಪರರು' ಎಂದೆಣಿಸಿದವನು ನಾನೇ ಎಂಬುದು ನನಗೆ ತಡವಾಗಿ ಹೊಳೆಯಿತು.

ಮೇ ತಿಂಗಳ ಕೊನೆಗೆ ಅವನಿಂದಲೇ ಫೋನು ಬಂದಿತು. "ಮಾಮಾ, ಈ ಸಲ ದೋಣಿ ಮುಚ್ಚೋ ಮುಂದ ನೀವೂ ಬರ್ರಿ." ಮರುದಿನವೇ ದಾಂಡೇಲಿಯ ಮೇಲಿಂದ ಬಸ್ಸು ಹಿಡಿದು ಹೊರಟೆನು.

ಮೊದಲು ಸ್ಥಳದ ವಿಚಾರ. 101 ಮೀಟರು ಎತ್ತರದ ಸೂಪಾ ಅಣೆಕಟ್ಟು ತುಂಬಿದಾಗ ನೀರಿನ ಮಟ್ಟ 564 ಮೀಟರು. ಬೇಸಗೆಯಲ್ಲಿ ನೀರು ಬಹಳ ಕೆಳಗೆ ಇಳಿದಿರುತ್ತದೆ. ಹಳೆಯ ಸೂಪಾ ಊರನ್ನೇ ನುಂಗಿದ ನೀರು ಅದು. ಮೇ ತಿಂಗಳ ದಡವನ್ನು ನಂಬಿ ಅಲ್ಲಿ ದೋಣಿಯನ್ನು ಬಿಟ್ಟವನಿಗೆ ಆಗಸ್ಟಿನಲ್ಲಿ ದಡವೂ ಇಲ್ಲ, ದೋಣಿಯೂ ಇಲ್ಲ. ಆದುದರಿಂದ ಅದನ್ನು ಅವನ ಮನೆಯ ಹಿತ್ತಿಲಿಗೇ ತರಿಸಿದೆವು. ಮೂರು ಅಡ್ಡಮರಗಳ ಮೇಲಿರಿಸಿ, ಮೂತಿಯನ್ನು ಒಂದು ಮೊಳ ಎತ್ತರಿಸಿ, ಹಿಂಭಾಗದ ತಳದಲ್ಲಿರುವ ಬಿರಡೆಯನ್ನು ತೆಗೆದೆವು. ಒಳಗೆ ಬಿದ್ದ ನೀರು ತಾನಾಗಿಯೇ ಹರಿದುಹೋಗಲೆಂದು ಈ ಉಪಾಯ.

ಇನ್ನು ಎಂಜಿನ್ನು. ಅದರ ಕಾಲನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿ ಚಾಲೂ ಮಾಡಿ, ಪೆಟ್ರೋಲಿನ ನಳಿಗೆಯನ್ನು ಕಳಚಿ, ಉಳಿದದ್ದೆಲ್ಲ ಉರಿದು ತಾನೇ ನಿಲ್ಲುವವರೆಗೆ ಬಿಟ್ಟೆವು. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥೆನಾಲ್ ಬೆರೆತಿರುತ್ತದೆ. ಅದು ತೇವವನ್ನು ಹೀರುವ ಪದಾರ್ಥ. ನಮ್ಮ ಹಳಿಯಾಳದ ಹೊಲಗಳಲ್ಲಿ ಬೆಳೆಯುವ ಕಬ್ಬಿನಂಥ ಕಬ್ಬಿನಿಂದಲೇ ಹುಟ್ಟಿದ ದ್ರವವು ನಮ್ಮ ದೋಣಿಗೆ ಶತ್ರುವಾಗುವುದೆಂದರೆ ವಿಚಿತ್ರವಲ್ಲವೆ? ಪ್ಲಗ್ಗುಗಳನ್ನು ಬಿಚ್ಚಿ, ಸಿಲಿಂಡರುಗಳಿಗೆ ಒಂದೊಂದು ಚಮಚ ಎಣ್ಣೆ ಹಾಕಿ, ಹಗ್ಗವನ್ನು ಎರಡು ಸಲ ಮೆಲ್ಲನೆ ಎಳೆದೆವು. ಗೇರಿನ ಎಣ್ಣೆಯನ್ನು ಇಳಿಸುವಾಗ ಮಾತ್ರ ಇಬ್ಬರೂ ಉಸಿರು ಬಿಗಿಹಿಡಿದಿದ್ದೆವು. ಅದು ಮಜ್ಜಿಗೆಯಂತೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆಯೆಂದು ಅರ್ಥ. ಕಾಕಂಬಿಯಂತೆ ಕಪ್ಪಗೆ ಇಳಿಯಿತು. ಹುಡುಗನು ನನ್ನ ಮುಖವನ್ನು ನೋಡಿ ನಕ್ಕನು. ಅನೇಕ ತಿಂಗಳ ಮೇಲೆ ಕಂಡ ನಗು ಅದು. ಹೊಸ ಎಣ್ಣೆಯನ್ನು ಕೆಳಗಿನ ರಂಧ್ರದಿಂದ ಮೇಲಿನದರಲ್ಲಿ ತುಳುಕುವವರೆಗೆ ಏರಿಸಿ, ಎಂಜಿನ್ನನ್ನು ಕೊಟ್ಟಿಗೆಯ ಗೋಡೆಗೆ ನೆಟ್ಟಗೆ ನಿಲ್ಲಿಸಿದೆವು. ಬ್ಯಾಟರಿ ನಡುಮನೆಗೆ ಬಂದಿತು.

ಹಿಮ ಬೀಳುವ ಕೆನಡಾದಂಥ ದೇಶಗಳಲ್ಲಿಯೂ ದೋಣಿಗಳನ್ನು ಹೀಗೆಯೇ ಮಲಗಿಸುವರು, ಆದರೆ ಚಳಿಗಾಲಕ್ಕೆ. ನೀರು ಹೆಪ್ಪುಗಟ್ಟುವಾಗ ಶೇಕಡ 9ರಷ್ಟು ಹಿಗ್ಗುವುದರಿಂದ ಎಂಜಿನ್ನಿನಲ್ಲಿ ಉಳಿದ ನೀರು ಕಬ್ಬಿಣವನ್ನೇ ಸೀಳಬಲ್ಲದು. ನಮ್ಮಲ್ಲಿ ಆ ಭಯವಿಲ್ಲ; ಬೂಷ್ಟು, ತುಕ್ಕು, ಇಲಿಗಳ ಕಾಟವೇ ಹೆಚ್ಚು. ನಮ್ಮ ಜಿಲ್ಲೆಯ ಕರಾವಳಿಯಲ್ಲಿಯಾದರೆ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳ ಮೀನುಗಾರಿಕೆಗೆ ಕಾಯಿದೆಯೇ ತಡೆಯೊಡ್ಡಿದೆ. ಯತಿಗಳು ಒಂದೆಡೆ ನಿಂತು ಚಾತುರ್ಮಾಸ್ಯ ಕಳೆಯುವಂತೆ ದೋಣಿಗಳೂ ದಡದಲ್ಲಿ ನಿಲ್ಲುತ್ತವೆ.

ತಾಡಪತ್ರಿಯ ವಿಷಯದಲ್ಲಿ ನನ್ನ ಪಾಂಡಿತ್ಯ ಸ್ವಲ್ಪ ಕೆಲಸಕ್ಕೆ ಬಂದಿತು. ತಾಡಪತ್ರವೆಂದರೆ ತಾಳೆಗರಿ, ತಾಳೆಗರಿಯ ಗ್ರಂಥಗಳನ್ನು ಬರೆದ ಹಿಂದಿನವರು ಅವನ್ನು ನೀರಿನಿಂದಲೂ ಸಡಿಲಾದ ಕಟ್ಟಿನಿಂದಲೂ ಕಾಪಾಡಬೇಕೆನ್ನುತ್ತಿದ್ದರು. ಆದರೆ ಗಾಳಿಯಾಡದಂತೆ ಸುತ್ತಿಟ್ಟ ಗ್ರಂಥವು ಬೂಷ್ಟು ಹಿಡಿದುದನ್ನೂ ನಾನು ಕಂಡಿದ್ದೇನೆ. ಅದಕ್ಕಾಗಿ ನಡುವೆ ಬಿದಿರಿನ ತೊಲೆ ಕೊಟ್ಟು, ಇಳಿಜಾರಾಗಿ ಹೊದೆಸಿ, ಎರಡು ತುದಿಗಳನ್ನೂ ಗಾಳಿಗೆ ತೆರೆದಿಟ್ಟೆವು.

ಹೊರಡುವಾಗ ಅವನು ದೋಣಿಯ ಬಿರಡೆಯನ್ನು ನನ್ನ ಕೈಗೆ ಕೊಟ್ಟನು. "ನಿಮ್ಮ ಹತ್ರನ ಇರಲಿ ಮಾಮಾ. ದಸರಾಕ್ಕ ತಗೊಂಡ ಬರ್ರಿ, ನೀವು ಬಂದ ಮ್ಯಾಲೆ ನೀರಿಗೆ ಇಳಸೋಣ." ಅದೀಗ ನನ್ನ ಮೇಜಿನ ಮೇಲೆ ಕನ್ನಡಕದ ಪೆಟ್ಟಿಗೆಯ ಪಕ್ಕದಲ್ಲಿದೆ. ನಿನ್ನೆ ರಾತ್ರಿ ಮಳೆ ಜೋರಾಗಿದ್ದಾಗ ಫೋನು ಮಾಡಿದ್ದನು. ಟಾರ್ಚು ಹಿಡಿದು ಹೋಗಿ ನೋಡಿದನಂತೆ, ದೋಣಿಯೊಳಗೆ ಒಂದು ಹನಿ ನೀರೂ ನಿಂತಿಲ್ಲವಂತೆ.